‘ನ್ಯೂಸ್’ಗೆ ಫುಲ್ ಫಾರಂ ಇಲ್ಲ

ನಾರ್ತ್, ಈಸ್ಟ್, ವೆಸ್ಟ್, ಸೌತ್. ಸುದ್ದಿ ನಾಲ್ಕೂ ದಿಕ್ಕಿನಿಂದ ಬರುತ್ತದೆ, ಆದ್ದರಿಂದ ಅದು ‘ನ್ಯೂಸ್’. ಜನರಲ್ ನಾಲೆಜ್ ಗೈಡುಗಳಲ್ಲಿ, ಶಾಲೆಯ ಕ್ವಿಜ್‌ಗಳಲ್ಲಿ, ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಈ ‘ಫುಲ್ ಫಾರಂ’ ಎಷ್ಟು ಓಡಾಡಿದೆಯೆಂದರೆ, ಅಲ್ಲ ಎಂದವರನ್ನೇ ಜನ ಅನುಮಾನದಿಂದ ನೋಡುತ್ತಾರೆ. ಆದರೆ ಆ ಪದಕ್ಕೂ ದಿಕ್ಕುಗಳಿಗೂ ಯಾವ ಸಂಬಂಧವೂ ಇಲ್ಲ.

ನಿಜ ಸಂಗತಿ ತೀರಾ ಸರಳ. ಸರಳವಾದ್ದರಿಂದಲೇ ಯಾರಿಗೂ ರುಚಿಸುವುದಿಲ್ಲವೇನೋ. ‘ನ್ಯೂ’ ಎಂದರೆ ಹೊಸದು; ಅದರ ಬಹುವಚನ ‘ನ್ಯೂಸ್’, ಅಂದರೆ ಹೊಸವು. 14ನೇ ಶತಮಾನದ ಕೊನೆಯ ಹೊತ್ತಿಗೆ ಇಂಗ್ಲಿಷಿನಲ್ಲಿ ‘ಹೊಸ ಸಂಗತಿಗಳು’ ಎಂಬ ಅರ್ಥದಲ್ಲಿ ಬಳಕೆಗೆ ಬಂದ ಈ ಪದ ಮುಂದೆ ‘ಸುದ್ದಿ’ಯಾಯಿತು. ಇದಕ್ಕೆ ಮಾದರಿ ಫ್ರೆಂಚ್. ಅಲ್ಲಿ ‘ಹೊಸ’ ಎಂಬ ಪದವನ್ನೇ ಬಹುವಚನ ಮಾಡಿ ‘ನೂವೆಲ್’ ಎನ್ನುತ್ತಾರೆ, ಅದೂ ಸುದ್ದಿಯೇ. ಅದರಲ್ಲಿ ಯಾವ ದಿಕ್ಕನ್ನು ಹುಡುಕುವುದು? ಬಹುವಚನವಾದ್ದರಿಂದಲೇ 19ನೇ ಶತಮಾನದವರೆಗೂ ಕೆಲವು ಇಂಗ್ಲಿಷರು ‘ನ್ಯೂಸ್ ಆರ್’ ಎಂದು ಬರೆಯುತ್ತಿದ್ದರು. ಈಗಿನ ‘ನ್ಯೂಸ್ ಈಸ್’ ಗೆದ್ದದ್ದು ನಿಧಾನವಾಗಿ.

ಹಳೆಯ ಕಾಗುಣಿತ ನೋಡಿದರೆ ದಿಕ್ಕಿನ ಕಥೆ ಇನ್ನೂ ಕುಂಟುತ್ತದೆ. 1622ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ವಾರದ ಸುದ್ದಿಹಾಳೆಯ ತಲೆಬರಹದಲ್ಲಿ ಈ ಪದ ಎನ್, ಇ, ಡಬ್ಲ್ಯು, ಇ, ಎಸ್ ಎಂದಿದೆ. ಎರಡು ‘ಇ’! ಫುಲ್ ಫಾರಂ ನಂಬುವುದಾದರೆ ಅಂದಿನ ಲಂಡನ್ನಿಗೆ ಪೂರ್ವ ದಿಕ್ಕು ಎರಡಿದ್ದಿರಬೇಕು. ಹಾಗೆಂದು ಈ ಕಥೆ ವಾಟ್ಸ್‌ಆ್ಯಪ್ ಹುಟ್ಟಿಸಿದ್ದಲ್ಲ. 1640ರ ಒಂದು ಇಂಗ್ಲಿಷ್ ಚುಟುಕು ಸಂಕಲನದಲ್ಲಿ ಇದೇ ದಿಕ್ಕಿನ ಚಮತ್ಕಾರವಿದೆ. ಅಂದು ನಗಿಸಲು ಹೇಳಿದ್ದನ್ನು ಇಂದು ಮಕ್ಕಳು ಬಾಯಿಪಾಠ ಮಾಡುತ್ತಿದ್ದಾರೆ.

ಮೊದಲಕ್ಷರಗಳನ್ನು ಪೋಣಿಸಿ ಪದ ಮಾಡಿ, ಅದನ್ನು ಪದದಂತೆಯೇ ಉಚ್ಚರಿಸುವ ರೂಢಿ ಇಂಗ್ಲಿಷಿನಲ್ಲಿ ದೊಡ್ಡದಾಗಿ ಬೆಳೆದದ್ದು 20ನೇ ಶತಮಾನದಲ್ಲಿ. ರೇಡಾರ್ ಎರಡನೇ ಮಹಾಯುದ್ಧದ ಕಾಲದ್ದು, ಲೇಸರ್ 1950ರ ದಶಕದ ಕೊನೆಯದು. ಇವೆರಡಕ್ಕೂ ನಿಜವಾಗಿಯೇ ಫುಲ್ ಫಾರಂ ಇದೆ. ಕನ್ನಡದಲ್ಲೂ ಹಾಗೆಯೇ: ಕುವೆಂಪು, ಅನಕೃ, ತರಾಸು ಎಲ್ಲರೂ ಕಳೆದ ಶತಮಾನದವರು. ‘ಕುವೆಂಪು’ವನ್ನು ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ ಎಂದು ಬಿಡಿಸುವವರು ಪಂಪ, ರನ್ನರನ್ನು ಬಿಡಿಸಲು ಹೋಗುವುದಿಲ್ಲ. ಐದಾರು ನೂರು ವರ್ಷ ಹಳೆಯ ಇಂಗ್ಲಿಷ್ ಪದಕ್ಕೆ ಯಾರಾದರೂ ಫುಲ್ ಫಾರಂ ಹೇಳಿದರೆ ಅದೇ ವಿವೇಕ ಬಳಸಬಹುದು.

‘ಬೈ’ ಎಂದರೆ ‘ಬಿ ವಿತ್ ಯು ಎವ್ರಿಟೈಮ್’ ಎಂಬ ಮೆಸೇಜು ತಪ್ಪೇ, ಆದರೆ ಗುರಿಯ ಹತ್ತಿರ ಬಿದ್ದ ಕಲ್ಲು. ‘ದೇವರು ನಿಮ್ಮೊಂದಿಗಿರಲಿ’ ಎಂಬ ಹಾರೈಕೆಯ ಇಂಗ್ಲಿಷ್ ವಾಕ್ಯ 16ನೇ ಶತಮಾನದಲ್ಲಿ ಸವೆಯುತ್ತ ‘ಗುಡ್‌ಬೈ’ ಆಯಿತು. ಅದರ ಬಾಲವೇ ‘ಬೈ’. ‘ಟೀ’ಗೆ ಹೇಳುವ ‘ಟೇಸ್ಟ್ ಆ್ಯಂಡ್ ಎನರ್ಜಿ ಅಡ್ಮಿಟೆಡ್’ ಅಂತೂ ಇಂಗ್ಲಿಷೇ ಅಲ್ಲ. ಡಚ್ ವರ್ತಕರು ಚೀನಾದ ಫುಜಿಯಾನ್ ಕರಾವಳಿಯಿಂದ ತಂದ ‘ತೆ’ ಯುರೋಪಿನಲ್ಲಿ ಟೀ ಆಯಿತು. ಅದೇ ಚೀನೀ ಪದದ ಇನ್ನೊಂದು ಉಚ್ಚಾರ ‘ಚಾ’ ಪರ್ಷಿಯಾದ ದಾರಿ ಹಿಡಿದು ಧಾರವಾಡದ ಚಹಾ ಆಗಿ ಬಂದಿದೆ.

ಇವುಗಳಲ್ಲಿ ನನಗೆ ಹೆಚ್ಚು ಮೋಜೆನಿಸುವುದು ‘ಚೆಸ್’. ಚಾರಿಯಟ್, ಹಾರ್ಸ್, ಎಲಿಫೆಂಟ್, ಸೋಲ್ಜರ್ಸ್ ಎಂದು ಬಿಡಿಸುತ್ತಾರೆ. ರಥ, ಕುದುರೆ, ಆನೆ, ಕಾಲಾಳು: ಇವು ನಮ್ಮ ಚತುರಂಗದ ನಾಲ್ಕು ಅಂಗಗಳೇ ಹೌದು, ಆಟದ ಬೇರೂ ಅಲ್ಲಿಯೇ ಇದೆ. ಆಟದ ಚರಿತ್ರೆ ಸರಿ, ಪದದ ಚರಿತ್ರೆ ಮಾತ್ರ ತಪ್ಪು. ಆಟ ಪರ್ಷಿಯಾಕ್ಕೆ ಹೋದಾಗ ರಾಜನಿಗೆ ಅಪಾಯ ಬಂದರೆ ‘ಶಾಹ್’ ಎಂದು ಎಚ್ಚರಿಸುತ್ತಿದ್ದರು, ಅಂದರೆ ರಾಜ. ಅರಬ್ಬರ ಮೂಲಕ ಯುರೋಪಿಗೆ ಬಂದ ಆ ಪದ ಹಳೆಯ ಫ್ರೆಂಚಿನಲ್ಲಿ ರೂಪ ಬದಲಿಸಿ ಇಂಗ್ಲಿಷಿನ ‘ಚೆಕ್’ ಆಯಿತು. ಆ ಫ್ರೆಂಚ್ ರೂಪದ ಬಹುವಚನದಿಂದ ‘ಚೆಸ್’ ಹುಟ್ಟಿತು. ‘ತಡೆ’, ‘ಪರಿಶೀಲನೆ’ ಎಂಬ ಅರ್ಥಗಳನ್ನು ‘ಚೆಕ್’ ಪಡೆದುಕೊಂಡದ್ದು ಆ ಮೇಲೆ. 18ನೇ ಶತಮಾನದಲ್ಲಿ ಬ್ಯಾಂಕಿನವರು ಮೋಸ ತಡೆಯಲು ಇಟ್ಟುಕೊಳ್ಳುತ್ತಿದ್ದ ಪ್ರತಿಯ ತುಂಡಿಗೂ ಅದೇ ಹೆಸರು ಬಿತ್ತು. ಈಗ ನಾವು ಸಹಿ ಹಾಕಿ ಕೊಡುವ ಚೆಕ್ ಹಾಳೆ ಆ ಪರ್ಷಿಯನ್ ರಾಜನ ವಂಶದ್ದು.