ಔಷಧಿಯ ಹೆಸರು: ಓದುವುದೊಂದು, ಕೇಳಿಸುವುದೊಂದು

ಬಳ್ಳಾರಿ ನಗರದ ಸತ್ಯನಾರಾಯಣಪೇಟೆಯ ಹೆಸರನ್ನು ಇಂಗ್ಲಿಷಿನಲ್ಲಿ ಬರೆಯುವಾಗ ‘ತ್ಯ’ ಅಕ್ಷರಕ್ಕೆ ಕೆಲವರು ಬರಿಯ ಟಿ ಹಾಕುತ್ತಾರೆ, ಕೆಲವರು ಟಿ-ಎಚ್ ಹಾಕುತ್ತಾರೆ. ಕೊನೆಯ ‘ಪೇಟೆ’ ಎಂಬುದು ಪಿ-ಇ-ಟಿ ಎಂಬ ಮೂರೇ ಅಕ್ಷರಗಳಲ್ಲಿ ಮುಗಿದುಹೋಗುತ್ತದೆ. ಊರಿನವರಿಗೆ ಇದರಿಂದ ತೊಡಕಿಲ್ಲ. ಹೆಸರು ಅವರ ಕಿವಿಗೆ ಮೊದಲೇ ಗೊತ್ತು. ಕಾಗದದ ಮೇಲೆ ಮಾತ್ರ ಅದನ್ನು ಕಂಡ ಹೊರಗಿನವನು ‘ಪೆಟ್’ ಎಂದು ಓದಿದರೆ ಅದು ಅವನ ದಡ್ಡತನವಲ್ಲ. ಜಿಲ್ಲೆಯ ಹೆಸರಿನ ಪಾಡೂ ಇದೇ ಆಗಿತ್ತು. ಇಂಗ್ಲಿಷ್ ಬರಹದಿಂದಾಗಿ ಬಹುಕಾಲ ‘ಬೆಲ್ಲರಿ’ ಎಂದು ಓದಿಸಿಕೊಂಡ ಬಳ್ಳಾರಿಗೆ 2014ರ ನವೆಂಬರ್ 1ರಿಂದ ಇಂಗ್ಲಿಷಿನಲ್ಲಿಯೂ ಕನ್ನಡದ ಉಚ್ಚಾರಕ್ಕೆ ಹೊಂದುವ ಬರಹ ಜಾರಿಗೆ ಬಂದಿತು.

ಊರಿನ ಹೆಸರು ತಪ್ಪಿದರೆ ನಾಲ್ಕು ಜನರನ್ನು ಕೇಳಿ ದಾರಿ ತಿಳಿದುಕೊಳ್ಳಬಹುದು. ಬೆಳೆಗೆ ಹೊಡೆಯುವ ಎಣ್ಣೆಯ ಹೆಸರು ತಪ್ಪಿದರೆ ಹಾಗಲ್ಲ. ಸಿರುಗುಪ್ಪದ ಭತ್ತಕ್ಕೆ, ಕುರುಗೋಡಿನ ಮೆಣಸಿನಕಾಯಿಗೆ, ಕಪ್ಪು ನೆಲದ ಹತ್ತಿಗೆ ಬಳಸುವ ಔಷಧಿಗಳ ಹೆಸರುಗಳನ್ನು ರೈತರು ಹೆಚ್ಚಾಗಿ ಡಬ್ಬಿಯ ಮೇಲೆ ಕಾಣುತ್ತಾರೆಯೇ ಹೊರತು ಸರಿಯಾಗಿ ನುಡಿದದ್ದನ್ನು ಕೇಳಿರುವುದಿಲ್ಲ. ಕಣ್ಣಿನಿಂದ ಕಲಿತ ಹೆಸರನ್ನು ಬಾಯಿಂದ ಹೇಳಿ ಅಂಗಡಿಯಲ್ಲಿ ಸಾಮಾನು ತರಬೇಕಾದಾಗ ತೊಂದರೆ ಪ್ರಾರಂಭವಾಗುತ್ತದೆ.

ತಪ್ಪು ಹುಟ್ಟುವುದೆಲ್ಲಿ?

ಕನ್ನಡದಲ್ಲಿ ಬರೆದಂತೆ ಓದುವುದು ವಾಡಿಕೆ. ಅಕ್ಷರ ಕಲಿತವನು ಹಿಂದೆಂದೂ ಕೇಳದ ಹೆಸರನ್ನೂ ಬಹುಮಟ್ಟಿಗೆ ಸರಿಯಾಗಿ ಓದಬಲ್ಲನು. ಅದೇ ನಂಬಿಕೆಯಿಂದ ಇಂಗ್ಲಿಷ್ ಹೆಸರನ್ನು ಓದಿದಾಗ ಮೋಸವಾಗುತ್ತದೆ. ನಮ್ಮ ಕಡೆ ತಿಮ್ಮಪ್ಪ, ತಿಪ್ಪೇಸ್ವಾಮಿ ಎಂಬ ಹೆಸರುಗಳನ್ನು ಇಂಗ್ಲಿಷಿನಲ್ಲಿ ಟಿ-ಎಚ್‌ನಿಂದ ಬರೆಯುವ ರೂಢಿಯಿದೆ. ಆದ್ದರಿಂದ ಬೀಜೋಪಚಾರದ ‘ಥೈರಾಮ್’ ಪೊಟ್ಟಣವನ್ನು ಕಂಡವನು ‘ತಿರಂ’ ಎಂದು ಓದುವುದು ಸಹಜ. ಚೆನ್ನಪ್ಪನ ಹೆಸರಿಗೂ ಕ್ಲೋರ್‌ಪೈರಿಫಾಸ್ ಹೆಸರಿಗೂ ಮೊದಲ ಎರಡು ಇಂಗ್ಲಿಷ್ ಅಕ್ಷರಗಳು ಒಂದೇ, ಸಿ ಮತ್ತು ಎಚ್. ಒಂದು ಕಡೆ ‘ಚ’, ಇನ್ನೊಂದು ಕಡೆ ‘ಕ’ ಎಂದು ಯಾರೂ ಹೇಳಿಕೊಡದೆ ಗೊತ್ತಾಗುವ ಬಗೆಯಿಲ್ಲ. ಸ್ಯೂಡೊಮೊನಾಸ್ ಎಂಬ ಉಪಯುಕ್ತ ಸೂಕ್ಷ್ಮಾಣುವಿನ ಹೆಸರು ಪಿ ಅಕ್ಷರದಿಂದ ಪ್ರಾರಂಭವಾದರೂ ಆ ಅಕ್ಷರ ಬಾಯಿಗೆ ಬರುವುದೇ ಇಲ್ಲ. ರೈಜೋಬಿಯಂನಲ್ಲಿ ಎಚ್ ಸುಮ್ಮನೆ ಕುಳಿತಿರುತ್ತದೆ.

ಶಾಸ್ತ್ರೀಯ ಹೆಸರುಗಳ ವಿಷಯದಲ್ಲಂತೂ ವಿಜ್ಞಾನಿಗಳಲ್ಲಿಯೂ ಒಂದೇ ಉಚ್ಚಾರವಿಲ್ಲ. 2002ರಲ್ಲಿ ನಮ್ಮ ದೇಶದಲ್ಲಿ ಬೇಸಾಯಕ್ಕೆ ಅನುಮತಿ ಪಡೆದ ಬಿ.ಟಿ. ಹತ್ತಿಯ ‘ಟಿ’ ಅಕ್ಷರವು ‘ಥುರಿಂಜಿಯೆನ್ಸಿಸ್’ ಎಂಬ ಪದದ ಮೊದಲ ಅಕ್ಷರ. ಆ ಬ್ಯಾಕ್ಟೀರಿಯಾಕ್ಕೆ ಹೆಸರು ಬಂದದ್ದು ಜರ್ಮನಿಯ ಒಂದು ಪ್ರಾಂತದಿಂದ. ಅಲ್ಲಿನ ಜನ ತಮ್ಮ ಪ್ರಾಂತವನ್ನು ‘ಟ್ಯೂರಿಂಗೆನ್’ ಎನ್ನುತ್ತಾರೆ. ಇಂಗ್ಲಿಷ್ ಬಲ್ಲವರು ‘ಥ’ಕಾರದಿಂದ ಹೇಳುತ್ತಾರೆ. ಇಂಥ ಹೆಸರುಗಳ ಉದ್ದೇಶ ಎಲ್ಲೆಡೆ ಒಂದೇ ರೀತಿ ಬರೆಯುವುದು, ಒಂದೇ ರೀತಿ ನುಡಿಯುವುದಲ್ಲ.

ಆದ್ದರಿಂದ ಎಲ್ಲ ತಪ್ಪು ಉಚ್ಚಾರಗಳನ್ನೂ ತಿದ್ದಹೊರಡಬೇಕಾಗಿಲ್ಲ. ‘ಪಾಸ್ಪೇಟ್’ ಎಂದರೂ ‘ಫಾಸ್ಫೇಟ್’ ಎಂದರೂ ಅಂಗಡಿಯವನು ಕೊಡುವ ಚೀಲ ಒಂದೇ. ಸೋನಾ ಮಸೂರಿ ಅಕ್ಕಿಯ ಹೆಸರಿನಲ್ಲಿರುವ ‘ಮಸೂರಿ’ ಮೂಲತಃ ಮಲೇಷಿಯಾದ ‘ಮಹಸೂರಿ’ ಎಂಬ ಭತ್ತದ ತಳಿ. ಅದರಿಂದಲೇ ಬಂದ, ಆಂಧ್ರದ ಬಾಪಟ್ಲ ಕೇಂದ್ರದ ಬಿ.ಪಿ.ಟಿ. 5204 ತಳಿಗೆ ಸಾಂಬಾ ಮಹಸೂರಿ ಎಂಬ ಹೆಸರಿದೆ. ನಡುವಿನ ‘ಹ’ಕಾರ ಬಾಯಿಂದ ಬಾಯಿಗೆ ಬರುವಾಗ ಬಿದ್ದುಹೋಯಿತು, ಅನ್ನದ ರುಚಿಗೇನೂ ಕೊರತೆಯಾಗಲಿಲ್ಲ. (ಉತ್ತರದ ಬೆಟ್ಟದ ಊರಾದ ಮಸ್ಸೂರಿಗೂ ಈ ಅಕ್ಕಿಗೂ ಸಂಬಂಧವಿಲ್ಲ.)

ಅಪಾಯವಿರುವ ಹೆಸರುಗಳು

ತಪ್ಪಾಗಿ ನುಡಿದ ಹೆಸರು ಇನ್ನೊಂದು ನಿಜವಾದ ಹೆಸರಿಗೆ ಹೋಗಿ ತಾಗಿದಾಗ ಅಪಾಯ ಉಂಟಾಗುತ್ತದೆ. ಎಲ್ಲಕ್ಕಿಂತ ಮುಖ್ಯವಾದ ಉದಾಹರಣೆ ಸತುವಿನದು. ಭತ್ತದ ಗದ್ದೆಯಲ್ಲಿ ಸತುವಿನ ಕೊರತೆ ನೀಗಲು ಹಾಕುವುದು ಜಿಂಕ್ ಸಲ್ಫೇಟ್; ಅದು ಬಿಳಿಯ ಹರಳಿನಂಥ ಗೊಬ್ಬರ. ಇಲಿ ಕೊಲ್ಲಲು ತಿಂಡಿಯಲ್ಲಿ ಬೆರೆಸುವ ಕಪ್ಪು ಬೂದು ಬಣ್ಣದ ಪುಡಿ ಜಿಂಕ್ ಫಾಸ್ಫೈಡ್. ಅದು ಹೊಟ್ಟೆ ಸೇರಿದರೆ ಅಲ್ಲಿನ ಆಮ್ಲದೊಡನೆ ಕೂಡಿ ಫಾಸ್ಫೀನ್ ಎಂಬ ವಿಷಾನಿಲವನ್ನು ಬಿಡುತ್ತದೆ. ಎರಡು ಹೆಸರಿಗೂ ಮೊದಲ ಭಾಗ ಒಂದೇ ಆಗಿರುವುದರಿಂದ, ‘ಜಿಂಕ್’ ಎಂದಷ್ಟೇ ಹೇಳಿ ಮನೆಯ ಹುಡುಗನನ್ನು ಅಂಗಡಿಗೆ ಕಳುಹಿಸುವುದು ಸಲ್ಲದು. ಸಲ್ಫೇಟಿನ ‘ಏಟ್’, ಫಾಸ್ಫೈಡಿನ ‘ಐಡ್’ ಎಂಬ ಕೊನೆಯ ಅಕ್ಷರಗಳನ್ನು ಒತ್ತಿ ಹೇಳಬೇಕು.

‘ಕಾರ್ಬೊ’ ಎಂಬ ಮೊಟಕು ಮಾತೂ ಹೀಗೆಯೇ. ಕಾರ್ಬೆಂಡಜಿಮ್ ರೋಗಕ್ಕೆ ಬಳಸುವ ಶಿಲೀಂಧ್ರನಾಶಕ. ಕಾರ್ಬೊಫ್ಯೂರಾನ್ ಬಲು ತೀಕ್ಷ್ಣ ವಿಷದ ಕೀಟನಾಶಕ. ಅದರ ಹರಳನ್ನು ಮಣ್ಣಿಗೆ ಹಾಕಬೇಕೇ ಹೊರತು ನೀರಿನಲ್ಲಿ ಕರಗಿಸಿ ಎಂದಿಗೂ ಸಿಂಪಡಿಸಬಾರದು. ಭತ್ತಕ್ಕೆ ಕಂದು ಜಿಗಿಹುಳು ಬಿದ್ದಾಗ ಅದರ ಮರಿಗಳು ಪೊರೆ ಬಿಡದಂತೆ ಮಾಡಿ ಕೊಲ್ಲುವುದು ಬ್ಯುಪ್ರೊಫೆಜಿನ್. ಬ್ಯುಟಾಕ್ಲೋರ್ ಎಂಬುದು ನಾಟಿಯಾದ ಕೆಲವೇ ದಿನಗಳಲ್ಲಿ ಹಾಕುವ ಕಳೆನಾಶಕ. ಒಂದರ ಬದಲು ಇನ್ನೊಂದು ಬಂದರೆ ಹಣ ಹೋಗುವುದಷ್ಟೇ ಅಲ್ಲ, ಜಿಗಿಹುಳು ಗದ್ದೆಯನ್ನು ಅಲ್ಲಲ್ಲಿ ವೃತ್ತಾಕಾರವಾಗಿ ಸುಟ್ಟಂತೆ ಒಣಗಿಸುವ ತನಕ ರೈತನಿಗೆ ತಿಳಿಯುವುದೂ ಇಲ್ಲ.

ಜೈವಿಕ ವಸ್ತುಗಳಲ್ಲಿ ಟ್ರೈಕೊಡರ್ಮಾ, ಟ್ರೈಕೊಗ್ರಾಮಾ ಎಂಬ ಜೋಡಿಯಿದೆ. ಮೊದಲನೆಯದು ಸೊರಗು ರೋಗ, ಬೇರು ಕೊಳೆ ರೋಗಗಳನ್ನು ತಡೆಯಲು ಬೀಜಕ್ಕೋ ಮಣ್ಣಿಗೋ ಸೇರಿಸುವ ಶಿಲೀಂಧ್ರ. ಎರಡನೆಯದು ಪತಂಗಗಳ ಮೊಟ್ಟೆಯೊಳಗೆ ತನ್ನ ಮೊಟ್ಟೆಯಿಡುವ ಅತಿ ಸಣ್ಣ ಕಣಜ. ಕಾರ್ಡಿನ ರೂಪದಲ್ಲಿ ತಂದು ಎಲೆಗೆ ಕಟ್ಟಬೇಕು. ಎರಡಕ್ಕೂ ‘ಟ್ರೈಕೊ’ ಎಂದೇ ಹೇಳುವುದು ರೂಢಿಗೆ ಬಂದಿದೆ. ಬೀಜದ ವಿಷಯದಲ್ಲಿ ಅಂಕಿಗಳೂ ಮೋಸ ಮಾಡುತ್ತವೆ. ಮಾರುಟೇರು ಕೇಂದ್ರದ ಎಂ.ಟಿ.ಯು. 1001 ಮತ್ತು ಎಂ.ಟಿ.ಯು. 1010 ಬೇರೆ ಬೇರೆ ಅವಧಿಯ ತಳಿಗಳು. 1010 ಬೇಗ ಕೊಯ್ಲಿಗೆ ಬರುವಂಥದು. ಫೋನಿನಲ್ಲಿ ಹೇಳುವಾಗ ‘ಒಂದು, ಸೊನ್ನೆ, ಒಂದು, ಸೊನ್ನೆ’ ಎಂದು ಬಿಡಿಬಿಡಿಯಾಗಿ ಹೇಳುವುದು ಲೇಸು.

ಕನ್ನಡದ ಹೆಸರನ್ನೇ ಬಳಸಿದರೆ ಈ ಗೊಂದಲವೆಲ್ಲ ತಪ್ಪುತ್ತದೆಂದು ಹೇಳುವವರುಂಟು. ಪಾರ್ಥೇನಿಯಂ ಎಂಬ ಹೆಸರು ನಾಲಿಗೆಗೆ ಒಗ್ಗದೆ ಜನ ‘ಕಾಂಗ್ರೆಸ್ ಹುಲ್ಲು’ ಎಂದು ಕರೆದದ್ದು ಚೆನ್ನಾಗಿಯೇ ನಿಂತಿತು. ಆದರೆ ಮೆಣಸಿನಕಾಯಿಯ ‘ನುಸಿ’ಯನ್ನು ನೋಡಿರಿ. ಥ್ರಿಪ್ಸ್‌ಗೂ ನುಸಿ ಎನ್ನುತ್ತಾರೆ, ಮೈಟ್‌ಗೂ ನುಸಿ ಎನ್ನುತ್ತಾರೆ. ಥ್ರಿಪ್ಸ್ ಕೀಟ, ಮೈಟ್ ಜೇಡದ ಬಳಗಕ್ಕೆ ಸೇರಿದ್ದು, ಕೀಟಕ್ಕೆ ಹೊಡೆಯುವ ಎಷ್ಟೋ ಔಷಧಿಗಳಿಗೆ ಅದು ಜಗ್ಗುವುದಿಲ್ಲ. 2021-22ರ ಹಂಗಾಮಿನಲ್ಲಿ ಹೊಸ ಜಾತಿಯ ಥ್ರಿಪ್ಸ್ ಆಂಧ್ರ, ತೆಲಂಗಾಣ ಮತ್ತು ಕರ್ನಾಟಕದ ಮೆಣಸಿನಕಾಯಿ ಬೆಳೆಯನ್ನು ಹಾಳುಮಾಡಿದ ಮೇಲೆ ಈ ಭೇದ ಇನ್ನಷ್ಟು ಮುಖ್ಯವಾಗಿದೆ. ಹೆಸರು ಹೇಳಲು ಬಾರದಿದ್ದರೆ ಲಕ್ಷಣ ಹೇಳಬೇಕು: ಎಲೆಯ ಅಂಚು ಮೇಲಕ್ಕೆ ಮುದುಡಿದ್ದರೆ ಸಾಮಾನ್ಯವಾಗಿ ಥ್ರಿಪ್ಸ್, ಕೆಳಕ್ಕೆ ಮುದುಡಿದ್ದರೆ ಮೈಟ್. ಮುದುಡಿದ ಒಂದು ರೆಂಬೆಯನ್ನೇ ಕಾಗದದಲ್ಲಿ ಸುತ್ತಿ ಒಯ್ದರೆ ಇನ್ನೂ ಒಳ್ಳೆಯದು.

ಬಾಯಿಗಿಂತ ಚೀಟಿ ಮೇಲು

ಅಂಗಡಿಯಲ್ಲಿ ಹೆಸರನ್ನು ತಪ್ಪಾಗಿ ಹೇಳಿ ನಗೆಗೀಡಾದ ರೈತನು ಮುಂದಿನ ಸಲ ಹೆಸರನ್ನೇ ಹೇಳುವುದಿಲ್ಲ. ‘ಹೋದ ಸಲ ಒಯ್ದದ್ದನ್ನೇ ಕೊಡ್ರಿ’ ಎನ್ನುತ್ತಾನೆ, ಇಲ್ಲವೇ ‘ಕೆಂಪು ಡಬ್ಬಿ’ ಎನ್ನುತ್ತಾನೆ. ತಪ್ಪು ಉಚ್ಚಾರಕ್ಕಿಂತ ಈ ಮೌನ ಹೆಚ್ಚು ಹಾನಿಕರ. ಅಂಗಡಿಯವನ ಇಷ್ಟದ ಮೇಲೆ ಅಥವಾ ಅವನ ನೆನಪಿನ ಮೇಲೆ ಬೆಳೆಯ ಅದೃಷ್ಟ ನಿಲ್ಲುತ್ತದೆ. ತಪ್ಪಾಗಿ ಹೇಳುವವನು ಕಡೆಯ ಪಕ್ಷ ಡಬ್ಬಿಯನ್ನು ಓದಿದ್ದಾನೆ ಎಂಬುದನ್ನು ಮಾರಾಟಗಾರರೂ ವಿಸ್ತರಣಾ ಕಾರ್ಯಕರ್ತರೂ ಗಮನಿಸಬೇಕು.

1968ರ ಕೀಟನಾಶಕ ಕಾಯಿದೆ ಮತ್ತು 1971ರ ನಿಯಮಗಳಂತೆ ಡಬ್ಬಿಯ ಚೀಟಿ ಹಿಂದಿ, ಇಂಗ್ಲಿಷ್ ಅಲ್ಲದೆ ಆಯಾ ಪ್ರದೇಶದ ಭಾಷೆಯಲ್ಲಿಯೂ ಇರತಕ್ಕದ್ದು. ಕಂಪನಿಯಿಟ್ಟ ಹೆಸರು ದೊಡ್ಡ ಅಕ್ಷರದಲ್ಲಿ, ಔಷಧಿಯ ನಿಜವಾದ ಹೆಸರು ಅದರ ಕೆಳಗೆ ಚಿಕ್ಕ ಅಕ್ಷರದಲ್ಲಿ ಇರುತ್ತದೆ. ಬರೆದಿಟ್ಟುಕೊಳ್ಳಬೇಕಾದದ್ದು ಎರಡನೆಯದನ್ನು, ಅದರ ಪಕ್ಕದ ಶೇಕಡಾ ಪ್ರಮಾಣ ಮತ್ತು ಇ.ಸಿ., ಎಸ್.ಸಿ., ಡಬ್ಲ್ಯು.ಪಿ. ಎಂಬ ಅಕ್ಷರಗಳ ಸಮೇತ. ರೈತ ಸಂಪರ್ಕ ಕೇಂದ್ರದಲ್ಲಿ ಶಿಫಾರಸು ಪಡೆಯುವಾಗ ಅಲ್ಲಿಯೇ ಚೀಟಿಯಲ್ಲಿ ಬರೆಸಿಕೊಂಡು, ಅಂಗಡಿಯಲ್ಲಿ ಆ ಚೀಟಿಯನ್ನು ತೋರಿಸಿ, ರಸೀದಿಯಲ್ಲಿ ಅದೇ ಹೆಸರು ಬಂದಿದೆಯೇ ಎಂದು ನೋಡಿಕೊಳ್ಳಬೇಕು. ಓದು ಬಾರದವರಿಗೆ ತ್ರಿಕೋನದ ಬಣ್ಣ ಆಧಾರ: ಕೆಂಪು ಅತ್ಯಂತ ವಿಷ, ಆಮೇಲೆ ಹಳದಿ, ನೀಲಿ, ಹಸಿರು. ಆದರೆ ಬಣ್ಣ ತಿಳಿಸುವುದು ವಿಷದ ತೀಕ್ಷ್ಣತೆಯನ್ನು ಮಾತ್ರ. ಅದು ಯಾವ ರೋಗಕ್ಕೆ, ಯಾವ ಕೀಟಕ್ಕೆ ಎಂಬುದನ್ನು ತಿಳಿಸುವುದಿಲ್ಲ.

ಹಳ್ಳಿಯ ಸಭೆಗಳಲ್ಲಿ ಔಷಧಿಯ ಹೆಸರನ್ನು ವೇಗವಾಗಿ ಇಂಗ್ಲಿಷಿನಲ್ಲಿ ಹೇಳಿ ಮುಂದೆ ಹೋಗುವ ಅಭ್ಯಾಸವನ್ನು ಕಾರ್ಯಕರ್ತರು ಬಿಡಬೇಕು. ಹಲಗೆಯ ಮೇಲೆ ಕನ್ನಡದಲ್ಲಿ ಬರೆದು, ಬಿಡಿಸಿ ಎರಡು ಸಲ ಓದಿ, ಕೇಳುವವರಿಂದಲೂ ಹೇಳಿಸಬೇಕು. ಹಗರಿ, ಸಿರುಗುಪ್ಪದಂಥ ಗಡಿ ಸೀಮೆಯ ಸಭೆಗಳಲ್ಲಿ ತೆಲುಗು ಓದುವವರೂ ಇರುತ್ತಾರಾದ್ದರಿಂದ ಕೈಯಲ್ಲಿ ಡಬ್ಬಿಯನ್ನೇ ಹಿಡಿದು ತೋರಿಸುವುದು ಉತ್ತಮ.

ಸಿಂಪಡಿಸುವಾಗ ಯಾರಾದರೂ ತಲೆಸುತ್ತಿ ಬಿದ್ದರೆ, ಇಲ್ಲವೇ ವಿಷ ಹೊಟ್ಟೆಗೆ ಹೋದರೆ, ಹೆಸರನ್ನು ಬಾಯಲ್ಲಿ ಹೇಳುವ ಗೋಜಿಗೇ ಹೋಗಬಾರದು. ಕ್ಲೋರ್‌ಪೈರಿಫಾಸ್‌ನಂಥ ರಂಜಕಯುಕ್ತ ವಿಷಗಳಿಗೂ ಕಾರ್ಬೊಫ್ಯೂರಾನ್ ಗುಂಪಿನ ವಿಷಗಳಿಗೂ ವೈದ್ಯರು ಅಟ್ರೊಪಿನ್ ಚುಚ್ಚುಮದ್ದು ಕೊಡುತ್ತಾರೆ. ಪ್ಯಾರಾಕ್ವಾಟ್ ಎಂಬ ಕಳೆನಾಶಕಕ್ಕೆ ಪ್ರತಿವಿಷವೇ ಇಲ್ಲ, ಅದರ ಆರೈಕೆಯ ಕ್ರಮವೇ ಬೇರೆ. ‘ಪ್ಯಾರಾ’ ಎಂದಷ್ಟೇ ಕೇಳಿದವರಿಗೆ ಅದು 2018ರಲ್ಲಿ ನಿಷೇಧವಾದ ಮೀಥೈಲ್ ಪ್ಯಾರಾಥಿಯಾನ್ ಎಂದೂ ತೋರಬಹುದು. ಡಬ್ಬಿಯನ್ನು ಚೀಟಿ ಹರಿಯದಂತೆ, ಮುಚ್ಚಳ ಬಿಗಿದು, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ರೋಗಿಯ ಜೊತೆಯಲ್ಲಿಯೇ ಆಸ್ಪತ್ರೆಗೆ ಒಯ್ಯಬೇಕು. ಔಷಧಿಯನ್ನು ಬೇರೆ ಬಾಟಲಿಗೆ ಸುರಿದಿಟ್ಟ ಮನೆಯಲ್ಲಿ ಒಯ್ಯಲು ಚೀಟಿಯೇ ಇರುವುದಿಲ್ಲ.