ಹದಿನಾರಕ್ಕೇ ಮ್ಯಾಡ್ರಿಡ್ ಸೇರಿದರೆ ಗೆದ್ದಂತೆಯೇ?

ಫುಟ್‌ಬಾಲ್ ಹುಚ್ಚಿರುವ ಮನೆಗಳಲ್ಲಿ ಒಂದು ಪೇಪರ್ ನ್ಯಾಪ್‌ಕಿನ್‌ನ ಕಥೆ ಓಡಾಡುತ್ತಿರುತ್ತದೆ. 2000ದ ಡಿಸೆಂಬರ್ 14ರಂದು ಬಾರ್ಸಿಲೋನಾ ಕ್ಲಬ್ಬಿನ ಕಾರ್ಲೆಸ್ ರೆಕ್ಸಾಕ್, ಹದಿಮೂರರ ಲಯೊನೆಲ್ ಮೆಸ್ಸಿಯನ್ನು ಸೇರಿಸಿಕೊಳ್ಳುವ ಮಾತನ್ನು ಕೈ ಒರೆಸುವ ಆ ಕಾಗದದ ಮೇಲೆಯೇ ಬರೆದುಕೊಟ್ಟರು. 2024ರ ಹರಾಜಿನಲ್ಲಿ ಅದು 7,62,400 ಪೌಂಡ್‌ಗೆ ಹೋಯಿತು. ಕಥೆ ಕೇಳಿದವರ ತಲೆಯಲ್ಲಿ ಉಳಿಯುವ ನಂಬಿಕೆ ಇಷ್ಟು: ಮೀಸೆ ಚಿಗುರುವ ಮೊದಲೇ ಯುರೋಪ್ ಸೇರಬೇಕು, ಸೇರಿದರೆ ಮುಂದಿನ ದಾರಿ ತಾನಾಗಿ ತೆರೆಯುತ್ತದೆ, ಅಲ್ಲಿ ಹಿಂದೆ ಬಿದ್ದರೆ ಕಥೆ ಮುಗಿದಂತೆ. ಈ ಮೂರೂ ತಪ್ಪು ಎನ್ನಲು ಸಾಕಷ್ಟು ಆಧಾರವಿದೆ. ಹದಿಹರೆಯದ ಆಟಗಾರನ ಭವಿಷ್ಯ ಅಳೆಯಬೇಕಾದರೆ ಕ್ಲಬ್ಬಿನ ಹೆಸರಿಗಿಂತ ನಂಬಬಹುದಾದ ಅಳತೆಗೋಲೊಂದಿದೆ: ಆ ವರ್ಷ ನಿಜವಾದ ಪಂದ್ಯಗಳಲ್ಲಿ ಅವನು ಎಷ್ಟು ನಿಮಿಷ ಆಡಿದ?

ಮೊದಲು ನ್ಯಾಪ್‌ಕಿನ್ ಹೇಳದೆ ಬಿಟ್ಟದ್ದನ್ನು ನೋಡೋಣ. ಮೆಸ್ಸಿಗೆ ಬೆಳವಣಿಗೆಯ ಹಾರ್ಮೋನ್ ಕೊರತೆಯಿತ್ತು. ಚಿಕಿತ್ಸೆಯ ಖರ್ಚು ಹೊರಲು ಒಂದು ಕ್ಲಬ್ ಬೇಕಿತ್ತು. ತಾಯಿ ಮತ್ತು ಒಡಹುಟ್ಟಿದವರು ಕೆಲವೇ ತಿಂಗಳಲ್ಲಿ ರೊಸಾರಿಯೊಗೆ ಮರಳಿದರು. ಹುಡುಗ ತಂದೆಯ ಜೊತೆ ಉಳಿದ. ಹಳೆಯ ಕ್ಲಬ್ ನ್ಯೂವೆಲ್ಸ್ ಜೊತೆಗಿನ ತಕರಾರಿನಿಂದ ನೋಂದಣಿ ತಡವಾಗಿ, ಮೊದಲ ವರ್ಷ ಹೆಚ್ಚಿನ ಪಂದ್ಯಗಳನ್ನು ಹೊರಗೆ ಕೂತೇ ನೋಡಬೇಕಾಯಿತು. ಆತ ಅರಳಿದ್ದು 2002ರ ಆರಂಭದಲ್ಲಿ ಸ್ಪೇನಿನ ಫೆಡರೇಷನ್ನಿನ ಪಟ್ಟಿಗೆ ಹೆಸರು ಸೇರಿ, ವಯೋಮಿತಿಯ ತಂಡಗಳಲ್ಲಿ ಎಡೆಬಿಡದೆ ಆಡತೊಡಗಿದ ಮೇಲೆ. ಜೊತೆಗೆ, ಆ ದಾರಿಗೆ ಈಗ ಬೀಗ ಬಿದ್ದಿದೆ. ಹದಿನೆಂಟು ತುಂಬದ ಆಟಗಾರನನ್ನು ಒಂದು ದೇಶದಿಂದ ಇನ್ನೊಂದು ದೇಶದ ಕ್ಲಬ್ಬಿಗೆ ವರ್ಗಾಯಿಸುವಂತಿಲ್ಲ ಎನ್ನುತ್ತದೆ ಫಿಫಾದ ವರ್ಗಾವಣೆ ನಿಯಮಾವಳಿಯ 19ನೇ ವಿಧಿ. ವಿನಾಯಿತಿಗಳು ಕೆಲವೇ: ಫುಟ್‌ಬಾಲ್‌ಗೆ ಸಂಬಂಧವಿಲ್ಲದ ಕಾರಣಕ್ಕೆ ತಂದೆತಾಯಿ ಆ ದೇಶಕ್ಕೆ ಹೋಗಿ ನೆಲೆಸಿದ್ದರೆ, ಗಡಿಗೆ ತೀರಾ ಹತ್ತಿರದ ಊರಾಗಿದ್ದರೆ, ಅಥವಾ ಯುರೋಪಿನ ಆರ್ಥಿಕ ವಲಯದೊಳಗೇ ಹದಿನಾರು ದಾಟಿದವನು ಕ್ಲಬ್ ಬದಲಿಸುತ್ತಿದ್ದರೆ. ನಿಯಮ ಬರೀ ಕಾಗದದಲ್ಲಿಲ್ಲ. ಅದನ್ನು ಮುರಿದದ್ದಕ್ಕೆ 2014ರಲ್ಲಿ ಫಿಫಾ ಅದೇ ಬಾರ್ಸಿಲೋನಾದ ಮೇಲೆ ಎರಡು ವರ್ಗಾವಣೆ ಅವಧಿಗಳ ನಿಷೇಧ ಹೇರಿತು. ಹಾಗಾಗಿ ಹದಿನೈದರ ಮಗನನ್ನು ಈ ವರ್ಷವೇ ಯುರೋಪಿನ ಕ್ಲಬ್ಬಿಗೆ ಸೇರಿಸುತ್ತೇನೆಂದು ಏಜೆಂಟನೊಬ್ಬ ಬೆಂಗಳೂರಿನಲ್ಲೋ ಮಂಗಳೂರಿನಲ್ಲೋ ದುಡ್ಡು ಕೇಳಿದರೆ, ಯಾವ ವಿನಾಯಿತಿಯ ಅಡಿಯಲ್ಲಿ ಎಂದು ಕೇಳಿ ನೋಡಬೇಕು. ಟ್ರಯಲ್ ಹೆಸರಿನಲ್ಲಿ ಕರೆದೊಯ್ಯಬಹುದು. ನೋಂದಣಿಯ ಮಾತು ಬೇರೆ.

ನಿಯಮದ ಒಳಗೇ, ಎಲ್ಲ ಅನುಕೂಲದೊಂದಿಗೆ ಹೋದವನ ಗತಿಯೇನು? ಇದಕ್ಕೆ ನಾರ್ವೆಯ ಮಾರ್ಟಿನ್ ಒಡೆಗಾರ್ಡ್‌ಗಿಂತ ಒಳ್ಳೆಯ ಪರೀಕ್ಷೆ ಸಿಗಲಿಕ್ಕಿಲ್ಲ. ಹದಿನೈದಕ್ಕೇ ರಾಷ್ಟ್ರೀಯ ತಂಡಕ್ಕೆ ಆಡಿದ ಹುಡುಗ. ದೊಡ್ಡ ಕ್ಲಬ್ಬುಗಳೆಲ್ಲ ಬಾಗಿಲು ತೆರೆದು ಕರೆದಿದ್ದವು. 2014ರ ಡಿಸೆಂಬರ್‌ನಲ್ಲಿ ಹದಿನಾರು ತುಂಬಿತು, ಜನವರಿಯಲ್ಲಿ ರಿಯಲ್ ಮ್ಯಾಡ್ರಿಡ್ ಒಪ್ಪಂದಕ್ಕೆ ಸಹಿ ಬಿತ್ತು. ಆಟಗಾರನಾಗಿದ್ದ ತಂದೆಯೂ ಜೊತೆಗಿದ್ದರು. ಮೇ ತಿಂಗಳಲ್ಲಿ ಗೆಟಾಫೆ ವಿರುದ್ಧ ಕ್ರಿಸ್ಟಿಯಾನೊ ರೊನಾಲ್ಡೊ ಬದಲಿಗೆ ಮೈದಾನಕ್ಕಿಳಿದು, ಆ ಕ್ಲಬ್ಬಿಗೆ ಆಡಿದ ಅತಿ ಕಿರಿಯನೆಂಬ ದಾಖಲೆಯೂ ಆಯಿತು. ಆಮೇಲೆ? ಅಭ್ಯಾಸ ಮುಖ್ಯ ತಂಡದ ಜೊತೆ, ಪಂದ್ಯ ಮೂರನೇ ದರ್ಜೆಯ ಲೀಗಿನಲ್ಲಿ ಎರಡನೇ ತಂಡವಾದ ಕ್ಯಾಸ್ಟಿಯಾ ಜೊತೆ. ಅಲ್ಲಿಯೂ ಸಲ್ಲದ, ಇಲ್ಲಿಯೂ ಸಲ್ಲದ ಸ್ಥಿತಿ. ಹೊಂದಾಣಿಕೆ ಎನ್ನುವುದು ಒಂದೇ ಗುಂಪಿನೊಂದಿಗೆ ಸೋತು ಗೆದ್ದು ಬರುವಂಥದ್ದು; ಈ ಏರ್ಪಾಟಿನಲ್ಲಿ ಅದಕ್ಕೆ ಜಾಗವೇ ಇರಲಿಲ್ಲ. ಹದಿನೆಂಟು ದಾಟುವಷ್ಟರಲ್ಲಿ ಪತ್ರಿಕೆಗಳು ಅವನನ್ನು ಅತಿ ನಿರೀಕ್ಷೆಗೆ ಬಲಿಯಾದವನ ಉದಾಹರಣೆ ಮಾಡತೊಡಗಿದ್ದವು.

ತಿರುವು ಬಂದದ್ದು ಮ್ಯಾಡ್ರಿಡ್ ಬಿಟ್ಟ ಮೇಲೆ. ನೆದರ್ಲೆಂಡ್ಸ್‌ನ ಹೀರೆನ್‌ವೇನ್, ಆಮೇಲೆ ವಿಟೆಸ್ಸೆ, ಆಮೇಲೆ ಸ್ಪೇನಿನದೇ ರಿಯಲ್ ಸೊಸಿಡಾಡ್. ಮೂರೂ ಕಡೆ ಲೋನ್ ಮೇಲೆ, ಮೂರೂ ಕಡೆ ವಾರವಾರದ ಆಟ. 2020ರ ಫೆಬ್ರವರಿ 6ರ ರಾತ್ರಿ ಸ್ಪೇನಿನ ಕಪ್‌ನ ಕ್ವಾರ್ಟರ್ ಫೈನಲ್‌ಗೆ ಸೊಸಿಡಾಡ್ ತಂಡ ಮ್ಯಾಡ್ರಿಡ್‌ನ ಸ್ವಂತ ಮೈದಾನಕ್ಕೇ ಬಂತು. ಲೋನ್‌ನಲ್ಲಿದ್ದವರು ತಮ್ಮ ಮೂಲ ಕ್ಲಬ್ ವಿರುದ್ಧ ಆಡುವುದನ್ನು ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಒಪ್ಪುವುದಿಲ್ಲ. ಇಲ್ಲಿ ಆ ಅಡ್ಡಿ ಇರಲಿಲ್ಲ. ಮೊದಲ ಗೋಲು ಹೊಡೆದದ್ದು ಒಡೆಗಾರ್ಡ್. ಹೊಡೆದು ಕುಣಿಯಲಿಲ್ಲ. ಸೊಸಿಡಾಡ್ 4-3ರಿಂದ ಗೆದ್ದಿತು. ವರ್ಷಗಳ ಕಾಲ ಅವರನ್ನು ತಮ್ಮದೆಂದು ಇಟ್ಟುಕೊಂಡ ಕ್ಲಬ್‌ಗೆ ಅವರು ಒಟ್ಟಾರೆ ಆಡಿದ್ದು ಬೆರಳೆಣಿಕೆಯಷ್ಟು ಪಂದ್ಯ. ವಿಟೆಸ್ಸೆಗೆ ಮಾತ್ರ ಒಂದೇ ಋತುವಿನಲ್ಲಿ, ಲೀಗ್‌ವೊಂದರಲ್ಲೇ 31. 2021ರಲ್ಲಿ ಆರ್ಸೆನಲ್ ಸೇರಿದರು, ಮರುವರ್ಷ ನಾಯಕರಾದರು.

ನಮ್ಮಲ್ಲಿ ಲೋನ್ ಎಂದರೆ ಸಾಲ, ಸಾಲವೆಂದರೆ ಮರ್ಯಾದೆಗೇಡು. ಆಟಗಾರನನ್ನು ಲೋನ್ ಮೇಲೆ ಕಳಿಸಿದರೆ ಕ್ಲಬ್ಬಿಗೆ ಬೇಡವಾದ ಎಂದೇ ಓದಿಕೊಳ್ಳುತ್ತೇವೆ. ಎರವಲು ಎಂಬ ಹಳೆಯ ಮಾತು ಇಲ್ಲಿಗೆ ಹೆಚ್ಚು ಒಪ್ಪುತ್ತದೆ. ಏಣಿಯನ್ನು ಪಕ್ಕದ ಮನೆಗೆ ಎರವಲು ಕೊಟ್ಟರೆ ಏಣಿ ಮುರಿದಿದೆ ಎಂದು ಯಾರೂ ಹೇಳುವುದಿಲ್ಲ. ಲೂಕಾ ಮಾಡ್ರಿಚ್ ಹದಿನೆಂಟರ ಹೊತ್ತಿಗೆ ಎರವಲಾಗಿ ಹೋದದ್ದು ಬೋಸ್ನಿಯಾದ ಜ್ರಿನ್ಸ್ಕಿ ಮೊಸ್ತಾರ್‌ಗೆ, ಒರಟು ಟ್ಯಾಕಲ್‌ಗಳಿಗೆ ಹೆಸರಾದ ಲೀಗಿಗೆ. 2018ರಲ್ಲಿ ಬ್ಯಾಲನ್ ಡಿ'ಓರ್ ಅವರ ಕೈಯಲ್ಲಿತ್ತು. ಚೆಲ್ಸಿಯಲ್ಲಿ ಅವಕಾಶ ಸಿಗದೆ ಫಿಯೊರೆಂಟಿನಾಗೂ ರೋಮಾಗೂ ಎರವಲು ಹೋದ ಮೊಹಮದ್ ಸಲಾಹ್, ಲಿವರ್‌ಪೂಲ್‌ನ ಮೊದಲ ಋತುವಿನಲ್ಲೇ ಲೀಗ್‌ನಲ್ಲಿ 32 ಗೋಲು ಹೊಡೆದರು.

ಗೆದ್ದವರನ್ನೇ ಹೆಕ್ಕಿ ತೋರಿಸುವ ತಪ್ಪನ್ನು ನಾನೂ ಮಾಡುತ್ತಿದ್ದೇನೆ ಎಂದು ಯಾರಾದರೂ ಹೇಳಿದರೆ ಆ ಆಕ್ಷೇಪಕ್ಕೆ ಬೆಲೆಯಿದೆ. ಎಲ್ಲ ಲೋನೂ ಒಳ್ಳೆಯದಲ್ಲ. ದೊಡ್ಡ ಕ್ಲಬ್ಬಿಗೆ ಹದಿಹರೆಯದ ಹುಡುಗರು ಲಾಟರಿ ಟಿಕೆಟ್ ಇದ್ದಂತೆ: ಹತ್ತು ಕೊಂಡು ಒಂದು ಹತ್ತಿದರೂ ಲಾಭ. ಉಳಿದ ಒಂಬತ್ತು ಮಂದಿಗೆ ಹೋದದ್ದು ಮರಳಿ ಬಾರದ ಮೂರು ನಾಲ್ಕು ವರ್ಷ. ಒಂದೇ ಕ್ಲಬ್ ಮೂವತ್ತಕ್ಕೂ ಹೆಚ್ಚು ಆಟಗಾರರನ್ನು ಏಕಕಾಲಕ್ಕೆ ಊರೂರಿಗೆ ಹಂಚಿಟ್ಟ ಕಾಲವಿತ್ತು. ಅದಕ್ಕೇ ಫಿಫಾ 2022ರಿಂದ ಅಂತರರಾಷ್ಟ್ರೀಯ ಲೋನ್‌ಗಳಿಗೆ ಮಿತಿ ಹಾಕಿ, ಎಂಟರಿಂದ ಆರಕ್ಕೆ ಇಳಿಸಿತು. ಆದರೆ ಕ್ಲಬ್ ತಾನೇ ಬೆಳೆಸಿದ, ಇಪ್ಪತ್ತೊಂದರೊಳಗಿನ ಹುಡುಗರಿಗೆ ಆ ಮಿತಿ ಅನ್ವಯಿಸುವುದಿಲ್ಲ. ವಾದ ಇಲ್ಲಿಯೂ ಬದಲಾಗುವುದಿಲ್ಲ. ಎರವಲು ಹೋದವನು ಅಲ್ಲಿಯೂ ಬೆಂಚಿನಲ್ಲೇ ಕೂತರೆ ಅದು ಬರೀ ಊರು ಬದಲಾವಣೆ. ಅಮೆರಿಕದ ಫ್ರೆಡ್ಡಿ ಅಡು 2004ರಲ್ಲಿ, ಹದಿನಾಲ್ಕಕ್ಕೇ ವೃತ್ತಿಪರ ಲೀಗ್ ಆಡಿದರು. 2007ರಲ್ಲಿ ಬೆನ್ಫಿಕಾ ಸೇರಿದ ಮೇಲೆ ಮೊನಾಕೊ, ಬೆಲೆನೆನ್ಸೆಸ್, ಆರಿಸ್ ಎಂದು ಅಲೆದರು, ಎಲ್ಲಿಯೂ ಜಾಗ ಗಟ್ಟಿಯಾಗಲಿಲ್ಲ.

ಭಾರತದ ಮಾತೇ ಬೇರೆ, ಇಲ್ಲಿ ಸೌಲಭ್ಯವಿಲ್ಲ, ಹೋಗದೆ ವಿಧಿಯಿಲ್ಲ ಎಂಬ ಇನ್ನೊಂದು ಆಕ್ಷೇಪ ಬರುತ್ತದೆ. ಸೌಲಭ್ಯದ ಮಾತು ನಿಜ. ಹೊರಗಿನ ಅಭ್ಯಾಸದಿಂದ ಕಲಿಯುವುದು ಇದೆ ಎನ್ನುವುದೂ ನಿಜ. ಗೋಲ್‌ಕೀಪರ್ ಗುರುಪ್ರೀತ್ ಸಿಂಗ್ ಸಂಧು ನಾರ್ವೆಯ ಸ್ಟಾಬೆಕ್‌ನಲ್ಲಿದ್ದು ಬಂದು ಬೆಂಗಳೂರು ಎಫ್‌ಸಿ ಸೇರಿದವರು. ಆದರೂ ಸುನಿಲ್ ಚೆಟ್ರಿ ಅವರ ಲೆಕ್ಕ ನೋಡಿ. 2009ರಲ್ಲಿ ಲಂಡನ್ನಿನ ಕ್ವೀನ್ಸ್ ಪಾರ್ಕ್ ರೇಂಜರ್ಸ್ ಒಪ್ಪಂದ ಕೈಗೆ ಬಂದು ತಪ್ಪಿತು. ಕಾರಣ ಆಟವಲ್ಲ, ಭಾರತದ ಫಿಫಾ ರ‍್ಯಾಂಕಿಂಗ್. ಮೊದಲ 70ರೊಳಗಿಲ್ಲದ ದೇಶದವರಿಗೆ ಬ್ರಿಟನ್ ವರ್ಕ್ ಪರ್ಮಿಟ್ ಕೊಡಲಿಲ್ಲ. 2010ರಲ್ಲಿ ಅಮೆರಿಕದ ಕ್ಯಾನ್ಸಸ್ ಸಿಟಿ: ಲೀಗ್‌ನಲ್ಲಿ ಒಂದು ಪಂದ್ಯವೂ ಸಿಗಲಿಲ್ಲ. 2012ರಲ್ಲಿ ಪೋರ್ಚುಗಲ್‌ನ ಸ್ಪೋರ್ಟಿಂಗ್: ಅದರ ಎರಡನೇ ತಂಡಕ್ಕೆ ಮೂರು ಪಂದ್ಯ. 2013ರಲ್ಲಿ ಆಗಷ್ಟೇ ಹುಟ್ಟಿದ ಬೆಂಗಳೂರು ಎಫ್‌ಸಿಗೆ ಬಂದರು. ಮೊದಲ ಋತುವಿನಲ್ಲೇ ಐ-ಲೀಗ್ ಕಿರೀಟ, 2016ರಲ್ಲಿ ಎಎಫ್‌ಸಿ ಕಪ್ ಫೈನಲ್. 2024ರ ಜೂನ್ 6ರಂದು ಕೋಲ್ಕತ್ತದಲ್ಲಿ ಕುವೈತ್ ವಿರುದ್ಧ ಆಡಿ ಅಂತರರಾಷ್ಟ್ರೀಯ ಆಟಕ್ಕೆ ವಿದಾಯ ಹೇಳಿದಾಗ (ಮರುವರ್ಷ ಮತ್ತೆ ಬೂಟು ಕಟ್ಟಿದ್ದು ಬೇರೆ ಕಥೆ) ದೇಶಕ್ಕಾಗಿ ಅವರು ಹೊಡೆದ ಗೋಲುಗಳು 94. ವಿದೇಶಿ ಲೀಗುಗಳಲ್ಲಿ ಹೊಡೆದದ್ದು ಸೊನ್ನೆ.