ನೋವು ಹೋಯ್ತು, ಕಾಲು ವಾಪಸು ಬಂತೇ?

ಕಾಲು ಉಳುಕಿತು ಅಂದ್ರೆ ಹಾಸನದ ಕಡೆ ಮೊದಲು ಹುಡುಕೋದು ಎಣ್ಣೆ ಬಾಟಲು. ತಿಕ್ಕಿ, ಎಳೆದು, 'ಲಟಕ್' ಅನ್ನಿಸಿದರೆ ಅರ್ಧ ವೈದ್ಯ ಮುಗಿದ ಹಾಗೆ. ಅದಕ್ಕೂ ಬಗ್ಗದಿದ್ದರೆ ಪುತ್ತೂರು ಕಟ್ಟಿನ ಬೋರ್ಡು ಎಲ್ಲಿದೆ ಅಂತ ವಿಚಾರಣೆ. ವಾರ ಕಳೆದು ಊತ ಇಳಿಯಿತೋ, ಕಬಡ್ಡಿ ಹುಡುಗ ಅಂಕಣಕ್ಕೆ, ಹಮಾಲಿ ಮೂಟೆಗೆ, ಕಂಡಕ್ಟರು ಬಸ್ಸಿನ ಮೆಟ್ಟಿಲಿಗೆ. ತಿಂಗಳೊಳಗೆ ಅದೇ ಕಾಲು, ಅದೇ ಜಾಗ, ಮತ್ತೆ ಉಳುಕು. ಬೈಗುಳ ಮಾತ್ರ ಗ್ರಹಚಾರಕ್ಕೆ.

ಪಾಪ, ಗ್ರಹಚಾರದ್ದೇನೂ ತಪ್ಪಿಲ್ಲ. ಮೂಳೆಗೆ ಮೂಳೆ ಬಿಗಿದಿಡೋ ನಾರನ್ನು ಡಾಕ್ಟರು ಲಿಗಮೆಂಟ್ ಅಂತಾರೆ. ಅದಕ್ಕೆ ಕೀಲು ಹಿಡಿಯೋದೊಂದೇ ಕೆಲಸವಲ್ಲ, ಪಾದ ಯಾವ ಕಡೆ ವಾಲಿದೆ ಅಂತ ಮಿದುಳಿಗೆ ಸುದ್ದಿ ಮುಟ್ಟಿಸೋದೂ ಅದರದೇ ಕೆಲಸ. ನಾರು ಹರಿದಾಗ ಈ ಸುದ್ದಿಯೂ ಮಂಕಾಗುತ್ತೆ. ನೋವು ಬೇಗ ಹೋಗುತ್ತೆ, ಸುದ್ದಿ ಸರಿಹೋಗೋದು ನಿಧಾನ. ಕಲ್ಲಿನ ಮೇಲೆ ಹೆಜ್ಜೆ ಬಿದ್ದಾಗ ಸ್ನಾಯು ಎಚ್ಚೆತ್ತುಕೊಳ್ಳೋದು ಕ್ಷಣ ತಡವಾದರೂ ಸಾಕು, ಕಾಲು ಮಗುಚುತ್ತೆ.

ಅನುಮಾನವಿದ್ದೋರು ಗೋಡೆ ಪಕ್ಕ ನಿಂತು ಉಳುಕಿದ ಕಾಲೊಂದರ ಮೇಲೆ ಅರ್ಧ ನಿಮಿಷ ನಿಂತು ನೋಡಲಿ. ಆಮೇಲೆ ಒಳ್ಳೆ ಕಾಲಿನ ಮೇಲೆ. ವ್ಯತ್ಯಾಸ ತಾನಾಗೇ ಗೊತ್ತಾಗುತ್ತೆ.

ಫಿಸಿಯೋಥೆರಪಿಯವರ ನಿಜವಾದ ಕೆಲಸ ಶುರುವಾಗೋದು ಇಲ್ಲೇ. ಮೊದಲ ದಿನಗಳಲ್ಲಿ ಬಿಗಿಪಟ್ಟಿ, ಕಾಲು ದಿಂಬಿನ ಮೇಲೆ. ತಡೆಯೋವಷ್ಟು ಭಾರ ಹಾಕಿ ನಡಿಗೆ. ನಂತರ ಹಿಮ್ಮಡಿ ಎತ್ತಿ ಇಳಿಸೋದು, ಒಂಟಿಗಾಲಲ್ಲಿ ನಿಲ್ಲೋದು, ಕೊನೆಗೆ ನೆಗೆತ, ತಟ್ಟನೆ ದಿಕ್ಕು ಬದಲಿಸೋದು. ಜನ ತಪ್ಪಿಸಿಕೊಳ್ಳೋದು ಈ ಕೊನೇ ಪಾಠವನ್ನೇ. ಐಸು ಇಟ್ಟು ಸುಮ್ಮನೆ ಮಲಗಿ ಅನ್ನೋ ಸೂತ್ರ 1978ರಲ್ಲಿ ಅಮೆರಿಕದ ಡಾ. ಗೇಬ್ ಮಿರ್ಕಿನ್ ಬರೆದದ್ದು. ಐಸು, ಪೂರ್ತಿ ವಿಶ್ರಾಂತಿ ಎರಡೂ ವಾಸಿಯಾಗೋದನ್ನು ತಡ ಮಾಡಬಹುದು ಅಂತ ಮುಂದೆ ಅವರೇ ಹೇಳಿದರು. ಕೀಲಿಗೆ ಮೆಷಿನ್ ಹಿಡಿದು ಅಲ್ಟ್ರಾಸೌಂಡ್ ಕೊಟ್ಟು ಬಿಲ್ಲು ಮಾಡೋರೂ ಇದ್ದಾರೆ. ಉಳುಕಿಗೆ ಅದರಿಂದ ಹೆಚ್ಚು ಲಾಭ ಪರೀಕ್ಷೆಗಳಲ್ಲಿ ಕಂಡಿಲ್ಲ. ವ್ಯಾಯಾಮ ಹೇಳಿಕೊಡದೆ ಬರೀ ಮೆಷಿನ್ ತೋರಿಸೋ ಕಡೆ ದುಡ್ಡು ಸುರಿಯೋದು ದಂಡ.

ಜಾವಗಲ್ ಹೆಸರು ಹೊತ್ತ ಶ್ರೀನಾಥ್ 1997ರಲ್ಲಿ ಭುಜದ ಗಾಯದಿಂದ ತಿಂಗಳುಗಟ್ಟಲೆ ಆಟ ಬಿಟ್ಟು ಕೂತಿದ್ದರು. ವಾಪಸು ಬಂದು 2003ರ ವಿಶ್ವಕಪ್ ಫೈನಲ್ಲಿನವರೆಗೂ ಬೌಲ್ ಮಾಡಿದರು. ಅಷ್ಟು ದಿನ ಕಾಯೋ ಅನುಕೂಲ ದಿನಗೂಲಿಯವನಿಗೆಲ್ಲಿ? ಮೂಟೆ ಹೊರದಿದ್ದರೆ ಸಂಜೆ ಅಕ್ಕಿ ಇಲ್ಲ. 'ಆರು ವಾರ ರೆಸ್ಟು' ಅಂತ ಚೀಟಿ ಬರೆಯೋದು ಸುಲಭ. ಅವನಿಗೆ ಬೇಕಾದ್ದು ಎಷ್ಟು ಭಾರ ಯಾವತ್ತಿಂದ ಹೊರಬಹುದು ಅನ್ನೋ ಲೆಕ್ಕ, ಮನೆಯಲ್ಲೇ ಮಾಡೋ ನಾಲ್ಕು ವ್ಯಾಯಾಮ. ಅಂಗಡಿಯಲ್ಲಿ ದಿನವಿಡೀ ನಿಲ್ಲೋ ಸಾಹುಕಾರರಿಗೂ ಇದೇ ಮಾತು. ಗಿರಾಕಿ ಇಲ್ಲದ ಹೊತ್ತು ಗಲ್ಲಾ ಹಿಡಿದುಕೊಂಡು ಹಿಮ್ಮಡಿ ಎತ್ತಿ ಇಳಿಸಿದರೆ ಕಾಸು ಖರ್ಚಿಲ್ಲ.

ಎಲ್ಲ ಉಳುಕೂ ಬರೀ ಉಳುಕಲ್ಲ ಅನ್ನೋದೂ ಗೊತ್ತಿರಲಿ. ಬಿದ್ದ ಮೇಲೆ ನಾಲ್ಕು ಹೆಜ್ಜೆ ನಡೆಯೋಕಾಗದಿದ್ದರೆ, ಪಾದದ ಕೀಲಿನ ಪಕ್ಕದ ಉಬ್ಬುಮೂಳೆಯ ಹಿಂಬದಿ ಒತ್ತಿದಾಗ ಜೀವ ಹೋದ ಹಾಗಾದರೆ, ಎಣ್ಣೆ ಬಾಟಲು ಬದಿಗಿಟ್ಟು ಎಕ್ಸ್‌ರೇಗೆ ಹೋಗಬೇಕು. ಮೂಳೆ ಸೀಳಿದ್ದರೆ ತಿಕ್ಕಿದಷ್ಟೂ ಕೇಡು. ಮಂಡಿ ತಿರುಚಿ ಒಳಗೆ 'ಟಪ್' ಅಂದು, ಗಂಟೆಯೊಳಗೆ ಊದಿಕೊಂಡ ಕಬಡ್ಡಿ ಹುಡುಗನನ್ನಂತೂ ಅವತ್ತೇ ಮೂಳೆ ಡಾಕ್ಟರಿಗೆ ತೋರಿಸಬೇಕು. ಮಂಡಿಯ ನಾರಿಗೆ ಆಪರೇಷನ್ ಆದವನು 9 ತಿಂಗಳಿಗೆ ಮುಂಚೆ ಅಂಕಣಕ್ಕಿಳಿದರೆ ಮತ್ತೆ ಹರಿಯೋ ಅಪಾಯ ಜಾಸ್ತಿ. ಊರಹಬ್ಬದ ಪಂದ್ಯ ಇನ್ನೊಂದು ವರ್ಷ ಕಾಯುತ್ತೆ ಅಂತ ಅವನಿಗೆ ಹೇಳಬೇಕಾದವರು ತಂಡದ ಯಜಮಾನರೇ.